ಊರಿಗೆಲ್ಲ ಒಂದೇ ನಂಬರು

ನಮ್ಮೂರಿನ ಜನ ಯಾವ ಅರ್ಜಿ ಬರೆಸಲು ಬಂದರೂ ಮೊಬೈಲ್ ನಂಬರಿನ ಜಾಗ ಬಂದಾಗ ನನ್ನ ಮುಖ ನೋಡುತ್ತಿದ್ದರು. "ನಿಂದೇ ಹಾಕೋ ಯಪ್ಪಾ, ನಮ್ಮದು ಯಾವಾಗ ಬಂದ್ ಆಗ್ತದೋ ಏನೋ" ಎನ್ನುತ್ತಿದ್ದರು. ಅದರಲ್ಲಿ ಸುಳ್ಳಿರಲಿಲ್ಲ. ಬಹಳ ಮನೆಗಳಲ್ಲಿ ಇದ್ದದ್ದು ಒಂದೇ ಫೋನು. ಅದೂ ಗಂಡಸರ ಜೊತೆ ಹೊಲಕ್ಕೋ ಪುಣೆಗೋ ಹೋಗಿರುತ್ತಿತ್ತು. ರೀಚಾರ್ಜ್ ಮುಗಿಯಿತೆಂದರೆ ಸಿಮ್ಮೇ ಬದಲು. ಹಗಲೆಲ್ಲ ಒಂದೇ ಜಾಗದಲ್ಲಿ, ಗ್ರಂಥಾಲಯದ ಕುರ್ಚಿಯ ಮೇಲೆ, ಒಂದೇ ನಂಬರು ಇಟ್ಟುಕೊಂಡು ಸಿಗುವ ಮನುಷ್ಯ ನಾನೊಬ್ಬನೇ. ಹೀಗಾಗಿ ಗ್ಯಾಸು, ಪಿಂಚಣಿ, ಮಕ್ಕಳ ಸ್ಕಾಲರ್‌ಶಿಪ್ಪು, ಎಲ್ಲದರ ಮೆಸೇಜೂ ನನ್ನ ಕಿಸೆಗೇ ಬಂದು ಬೀಳುತ್ತಿತ್ತು. ಸಂಜೆ ಪೇಪರು ಮಡಚಿಟ್ಟು ಮನೆಗೆ ಹೋಗುವಾಗ ಯಾರದು ಬಂದಿದೆಯೋ ಅವರ ಬಾಗಿಲಲ್ಲಿ ನಿಂತು ಓದಿ ಹೇಳುತ್ತಿದ್ದೆ. ಅದರಲ್ಲಿ ನನಗೊಂದು ಹೆಮ್ಮೆ ಇತ್ತು. ಇಲ್ಲವೆನ್ನುವುದಿಲ್ಲ.

ಹೆಮ್ಮೆಪಡಲು ನನಗೆ ಕಾರಣವೂ ಇತ್ತು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಶಹಾಪುರದ ಹತ್ತಿ ಜಿನ್ನಿನಲ್ಲಿ ಅಂಡಿಗೆ, ಎಂದರೆ ಹತ್ತಿಯ ದೊಡ್ಡ ಮೂಟೆ, ಹೊತ್ತೆ. ಹೊರುತ್ತಲೇ ಹೊರಗಿನಿಂದ ಎಸ್ಸೆಸ್ಸೆಲ್ಸಿಗೆ ಕೂತು ಪಾಸಾದೆ. ಆ ಒಂದು ಕಾಗದದ ಬಲದ ಮೇಲೆ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕನಾದೆ. ನಾನು ಬಂದಾಗ ಆ ಕೋಣೆಯಲ್ಲಿ ಗೆದ್ದಲು ಓದುತ್ತಿತ್ತು, ಮನುಷ್ಯರಲ್ಲ. ಮೈದಾ ಅಂಟು ಕುದಿಸಿ, ಹುಳ ಹತ್ತದಿರಲೆಂದು ಮೈಲುತುತ್ತ ಬೆರೆಸಿ, ಹರಿದ ಪುಸ್ತಕಗಳಿಗೆಲ್ಲ ನಾನೇ ಹೊಲಿಗೆ ಹಾಕಿ ರಟ್ಟು ಕಟ್ಟಿದೆ. ದೋರನಹಳ್ಳಿಯಿಂದಲೂ ಜನ ತಮ್ಮ ಪುಸ್ತಕ ತಂದು ಕಟ್ಟಿಸಿಕೊಂಡು ಹೋಗಿದ್ದಾರೆ. ಕೈಯಿಂದ ಆಗುವ ಕೆಲಸಕ್ಕೆ ನಾನು ಹೆದರಿದವನಲ್ಲ.

ಆಮೇಲೆ ಕಂಪ್ಯೂಟರು ಬಂತು. ಗೋಡೆಯ ಮೇಲಿನ ಹೆಸರಿಗೆ 'ಡಿಜಿಟಲ್' ಎಂಬ ಪದ ಸೇರಿತು. ಸದಸ್ಯರನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಮೇಲಿನಿಂದ ಸೂಚನೆ ಬಂತು. ಹೆಸರು, ವಯಸ್ಸು, ಮೊಬೈಲ್ ನಂಬರು ಹಾಕಬೇಕು. ಆ ನಂಬರಿಗೆ ಓಟಿಪಿ ಎಂಬ ಅಂಕಿ ಬರುತ್ತದೆ. ಅದನ್ನು ಒತ್ತಿದರೆ ಸದಸ್ಯತ್ವ ಆಯಿತು. ನಾನು ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕುತ್ತ, ಊಟದ ಹೊತ್ತು ಮರೆತು ಎಲ್ಲರನ್ನೂ ಏರಿಸಿದೆ. ನಂಬರಿನ ಜಾಗದಲ್ಲಿ ರೂಢಿಯಂತೆ ನನ್ನದೇ ಹಾಕಿದೆ. ಬೇರೆ ಏನಾದರೂ ಹಾಕಬಹುದು ಎಂಬ ವಿಚಾರವೇ ಬರಲಿಲ್ಲ. ತಿಂಥಣಿ ಕಡೆ ನನ್ನಂತೆಯೇ ಗ್ರಂಥಾಲಯ ನೋಡಿಕೊಳ್ಳುವ ಗೆಳೆಯನೊಬ್ಬನಿದ್ದಾನೆ. ಫೋನಿನಲ್ಲಿ ಕೇಳಿದರೆ, "ನಾನೂ ಹಂಗೇ ಮಾಡೀನಿ ತಗೋ. ನಮ್ಮವರು ಹೊಳ್ಯಾಗ ಮೀನಿನ ಬಲಿ ಹಾಕಿ ಕುಂತಿರ್ತಾರ. ಅಂಕಿ ಕೇಳಾಕ ನಾ ನೀರಾಗ ಇಳೀಲೇನು" ಎಂದ. ಇಬ್ಬರೂ ನಕ್ಕೆವು.

ಸ್ವಲ್ಪ ದಿನಕ್ಕೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಕರೆಸಿದರು.

"ಯಾದಗಿರ್ಯಾಗ ತರಬೇತಿ ಅದ, ಹೋಗಿ ಬರ್ರಿ" ಎಂದರು. "ಒಂದು ಮಾತು ಮೊದಲೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕಲ್ತು ಬಂದ್ರ ಗ್ರಂಥಾಲಯದ ಚಾವಿ ನಿಮ್ಮ ಹತ್ರ. ಇಲ್ಲಾಂದ್ರ ನಮ್ಮ ಕಂಪ್ಯೂಟರ್ ಆಪರೇಟರನ್ನ ಅಲ್ಲಿ ಕೂಡಿಸ್ತೀನಿ. ನೀವು ಪೇಪರ್ ಜೋಡಿಸ್ಕೊಂಡು ಆರಾಮ್ ಇರ್ರಿ."

ಆರಾಮ್ ಎಂಬ ಮಾತು ನನಗೆ ಬೈಗುಳದಂತೆ ಕೇಳಿಸಿತು. ಮನೆಗೆ ಬಂದು ತಟ್ಟೆಯ ಮುಂದೆ ಸುಮ್ಮನೆ ಕೂತೆ. ರೊಟ್ಟಿ ಮುರಿಯಲು ಕೈ ಏಳಲಿಲ್ಲ.

"ಉಣ್ರಿ ಮೊದಲ" ಎಂದಳು ಹೆಂಡತಿ. "ಖಾಲಿ ಹೊಟ್ಟಿಲೆ ಕೂತ್ರ ಕಂಪ್ಯೂಟರ್ ಬರ್ತದೇನು?"

"ಅಲ್ಲಿ ಎಲ್ಲಾ ಹುಡುಗರಿರ್ತಾರ. ನಾ ಹೆಂಗ ಕೈ ಆಡಿಸ್ಲಿ?"

"ಅಂಡಿಗಿ ಹೊರೂವಾಗೂ ಮೊದಲ ದಿನ ಬಿದ್ದಿದ್ರಂತ, ನಮ್ಮತ್ತಿ ಹೇಳ್ತಿದ್ಲು. ಬಿದ್ರ ಬೀಳ್ರಿ."

ಯಾದಗಿರಿಗೆ ಬಸ್ಸು ಹತ್ತಿದ ಮೇಲೂ ಸಮಾಧಾನವಿರಲಿಲ್ಲ. ಭೀಮಾ ಸೇತುವೆ ದಾಟುವಾಗ ಎಲ್ಲರೂ ಕಿಟಕಿಯಿಂದ ನೀರು ನೋಡುತ್ತಿದ್ದರು. ನಾನು ತೊಡೆಯ ಮೇಲೆ ಬೆರಳಿನಿಂದ ಎರಡೆರಡು ಸಲ ಬಡಿಯುತ್ತ ಕೂತಿದ್ದೆ. ಮೌಸನ್ನು ಬೇಗ ಬೇಗ ಎರಡು ಸಲ ಒತ್ತುವುದು ನನಗೆ ಕೈಗೆ ಹತ್ತಿರಲಿಲ್ಲ. ಪಕ್ಕದವನು ಜಾಗ ಬಿಟ್ಟು ಸರಿದು ಕೂತ.

ಕಲಿಸುವವರು ಚಿಕ್ಕ ವಯಸ್ಸಿನ ಮೇಡಂ. ಮಾತು ಚುರುಕು, ಕೈ ಅದಕ್ಕಿಂತ ಚುರುಕು. ಗ್ರಂಥಾಲಯದವನ ಕೆಲಸ ಇನ್ನು ಪುಸ್ತಕ ಕೊಟ್ಟು ತೆಗೆದುಕೊಳ್ಳುವುದಷ್ಟೇ ಅಲ್ಲ ಎಂದರು. ಬೇಕಾದ ಮಾಹಿತಿ ಹುಡುಕಿ ಕೊಡುವುದು, ಸುಳ್ಳು ಸುದ್ದಿ ಯಾವುದು ಖರೆ ಯಾವುದು ತಿಳಿಸುವುದು, ಜನ ಫೋನಿನಲ್ಲಿ ಮೋಸ ಹೋಗದಂತೆ ನೋಡಿಕೊಳ್ಳುವುದು, ಇವೂ ನಮ್ಮ ಕೆಲಸವೇ. "ಓಟಿಪಿ ಯಾರಿಗೂ ಹೇಳಬಾರದು ಅಂತ ಊರಿಗೆಲ್ಲ ಸಾರ್ರಿ" ಎಂದರು. ನಾನು ತಲೆಯಾಡಿಸಿ ಬರೆದುಕೊಂಡೆ. ಎರಡು ಸಲ ಒತ್ತುವುದೂ ಅಂದು ಕೈಗೆ ಹತ್ತಿತು. ಮಧ್ಯಾಹ್ನದ ಊಟ ರುಚಿ ಅನ್ನಿಸಿತು.

ಊಟದ ಮೇಲೆ ಮೇಡಂ ಒಂದೊಂದೇ ಗ್ರಂಥಾಲಯದ ಸದಸ್ಯರ ಪಟ್ಟಿಯನ್ನು ಗೋಡೆಯ ಪರದೆಯ ಮೇಲೆ ತೆರೆಯುತ್ತ ಬಂದರು. ನಮ್ಮೂರಿನದು ತೆರೆಯಿತು. ಮೇಲಿನಿಂದ ಕೆಳಗಿನವರೆಗೆ ತಪ್ಪು ತೋರಿಸುವ ಕೆಂಪು.

"ಇದೇನ್ರಿ, ಎಲ್ಲಾ ಹೆಸರಿಗೂ ಒಂದೇ ನಂಬರ್ ಅದ. ಯಾರ ನಂಬರ್ ಇದು?"

ನಾನು ಬರೆದುಕೊಂಡ ಹಾಳೆಯನ್ನು ಮಡಚತೊಡಗಿದೆ. ಅವರು ತಮ್ಮ ಫೋನು ತೆಗೆದು ಆ ನಂಬರಿಗೆ ಹಚ್ಚಿದರು. ನನ್ನ ಕಿಸೆ ಗುನುಗತೊಡಗಿತು. ಇಡೀ ಸಭಾಂಗಣ ತಿರುಗಿತು. ಬಂದ್ ಮಾಡಲು ಹೋದರೆ ಬೆರಳು ಬೆವರಿ ಜಾರಿತು.

ಹಿಂದಿನಿಂದ ಯಾರೋ, "ಏನ್ ಕಾಕಾ, ಊರನ್ನೇ ಕಿಸೇದಾಗ ಕಟ್ಕೊಂಡು ಬಂದೀಯಲ್ಲ" ಎಂದ. ನಗೆ ಎದ್ದಿತು.

ಮೇಡಂ ನಗಲಿಲ್ಲ. "ಇವರು ಖರೇ ಮಂದಿನೋ, ಸುಮ್ನ ಬರೆದ ಹೆಸರೋ?"

"ಖರೇ ಅದಾರ್ರಿ. ನೀವು ಬರ್ರಿ, ಒಬ್ಬೊಬ್ಬರ ಮನಿ ತೋರಿಸ್ತೀನಿ."

"ಮನಿ ನಾ ನೋಡಬಹುದ್ರಿ, ಕಂಪ್ಯೂಟರ್ ನೋಡಂಗಿಲ್ಲ. ಅದಕ್ಕ ಇವರೆಲ್ಲ ನೀವೊಬ್ಬರೇ." ಇನ್ನು ಒಂದು ನಂಬರಿಗೆ ಒಬ್ಬರೇ ಸದಸ್ಯರು, ತಿಂಗಳ ಕೊನೆಗೆ ಉಳಿದವರೆಲ್ಲ ಅಳಿಸಿಹೋಗುತ್ತಾರೆ ಎಂದರು. ಆಮೇಲೆ ತಾವೇ ಊರಿಗೆ ಬಂದು ನೋಡುವುದಾಗಿಯೂ, ಸರಿಯಾಗಿರದಿದ್ದರೆ ನಕಲಿ ಸದಸ್ಯರು ಎಂದು ಬರೆಯಬೇಕಾಗುವುದಾಗಿಯೂ ಹೇಳಿದರು.

ನಕಲಿ. ಆ ಪದ ಪಂಚಾಯಿತಿಗೆ ಮುಟ್ಟಿದರೆ ಚಾವಿ ಹೋದಂತೆಯೇ.

ಮುಂದಿನ ಸಾಲಿನಲ್ಲಿದ್ದ ತಿಂಥಣಿಯ ಗೆಳೆಯ ಫ್ಯಾನು ನೋಡುತ್ತ ಕೂತಿದ್ದ. ಅವನ ಗ್ರಂಥಾಲಯದ ಸರದಿ ಬರುವ ಮೊದಲೇ ಚಹಾ ಬಂತು. ಹೊರಗೆ ಬಂದು ನನ್ನ ಬಗಲಲ್ಲಿ ನಿಂತ.

"ನನ್ನ ಹೆಸರು ಹೇಳಿಬಿಡ್ತಿ ಅಂತ ಜೀವ ಕೈಯಾಗ ಹಿಡ್ಕೊಂಡಿದ್ದೆ ಮಾರಾಯ."

"ಹೇಳಿದ್ರ ನನ್ನ ಕೆಂಪು ಅಳೀತಿತ್ತೇನು?"

"ಸಿಟ್ಟಾಗೀಯೇನು?"

"ಆಗೀನಿ. ಚಹಾ ಕುಡಿ."

ಮರುದಿನ ಬೆಳಿಗ್ಗೆ, ಮೇಡಂ ಹೇಳಿದಂತೆ, ಪಂಚಾಯಿತಿಯ ಮೈಕಿನಲ್ಲಿ ಸಾರಿದೆ: ಓಟಿಪಿ ಯಾರಿಗೂ ಹೇಳಬ್ಯಾಡ್ರಿ, ಎಷ್ಟೇ ಪರಿಚಯದವರಿರಲಿ. ಸಾರಿ ಮುಗಿಸಿ, ಸದಸ್ಯರ ಹೊಸ ನಂಬರು ಸೇರಿಸಲು ಪಂಚಾಯಿತಿಯಿಂದ ಕೇಳಿ ತಂದ ಟ್ಯಾಬ್ ಹಿಡಿದು ಮನೆಮನೆಗೆ ಹೊರಟೆ. ನನ್ನ ಬುದ್ಧಿ ಎಲ್ಲಿ ಹೋಗಿತ್ತೋ. ಮೊದಲ ಬಾಗಿಲು ಗ್ರಂಥಾಲಯದ ಎದುರಿಗೇ ಬಟ್ಟೆ ಹೊಲಿಯುವ ಹೆಣ್ಣುಮಗಳದು. ಮಧ್ಯಾಹ್ನ ಬಂದು ವಾರಪತ್ರಿಕೆ ಓದುತ್ತಿದ್ದವಳು. ನನ್ನನ್ನು ಅಣ್ಣಾ ಎನ್ನುತ್ತಾಳೆ. ಅವಳ ಹತ್ತಿರ ಗುಂಡಿ ಒತ್ತುವ ಸಣ್ಣ ಫೋನಿತ್ತು. ಮೆಸೇಜು ಬಂತು.

"ಅಂಕಿ ಹೇಳು ತಂಗಿ" ಎಂದೆ.

ಅವಳು ಹೊಲಿಗೆ ಯಂತ್ರದಿಂದ ಕಾಲು ತೆಗೆದಳು. "ಈಗ ಮೈಕಿನ್ಯಾಗ ಏನಂದ್ರಿ ಅಣ್ಣಾ? ಯಾರಿಗೂ ಹೇಳಬ್ಯಾಡ್ರಿ ಅಂದ್ರಿ."

"ನನಗ ಹೇಳಿದ್ರ ಏನಾಗ್ತದ?"

"ಎಷ್ಟೇ ಪರಿಚಯದವರಿರಲಿ ಅಂದ್ರಿ. ನಿಮಗಿಂತ ಪರಿಚಯದವರು ನನಗ ಯಾರದಾರ?"

ಓಣಿಯುದ್ದಕ್ಕೂ ಇದೇ ಆಯಿತು. ಒಬ್ಬ ಮುದುಕ ಫೋನನ್ನು ರುಮಾಲಿನಲ್ಲಿ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡ. ಒಂದು ಮನೆಯವರು ಪುಣೆಯಲ್ಲಿದ್ದ ಮಗನಿಗೆ ಫೋನ್ ಹಚ್ಚಿದರೆ, ಆತ, "ಯಾಂವಲೇ ನೀ, ನಮ್ಮವ್ವಗ ಓಟಿಪಿ ಕೇಳಾಂವ" ಎಂದು ನನಗೇ ಗದರಿದ. ಅವನಿಗೆ ಅಕ್ಷರದ ಪುಸ್ತಕ ಕೊಟ್ಟವನು ನಾನು. ಸಿಟ್ಟಿಗೆ ಬಿಸಿಲು ಸೇರಿ ತಲೆ ಸುಡುತ್ತಿತ್ತು. ಒಂದೂ ನಂಬರಿಲ್ಲದೆ ಗ್ರಂಥಾಲಯಕ್ಕೆ ವಾಪಸ್ಸು ಬಂದು ಕೂತೆ. ತಿಂಗಳು ಓಡುತ್ತಿತ್ತು. ಆಪರೇಟರು ಆ ದಿನ ಪಂಚಾಯಿತಿಯ ಕಟ್ಟೆಯ ಮೇಲಿಂದ ನನ್ನ ಕುರ್ಚಿ ನೋಡಿದ ಎಂದು ನನಗೆ ಅನ್ನಿಸಿತು. ಅವನು ಬರೀ ಬಸ್ಸಿನ ದಾರಿ ನೋಡುತ್ತಿದ್ದನೇನೋ.

ಗಟ್ಟಿ ಮನಸ್ಸು ಮಾಡಿ ಮೇಡಂಗೆ ಫೋನ್ ಹಚ್ಚಿದೆ. ಎಲ್ಲ ಹೇಳಿದೆ. ಈ ಸಲ ಅವರು ನಕ್ಕರು.

"ಮಂದಿ ಸರಿ ಮಾಡ್ಯಾರ್ರಿ. ನೀವು ಕೇಳಾಕ ಹೋಗಬ್ಯಾಡ್ರಿ. ಅವರ ಅಂಕಿ ಅವರ ಕೈಲೇ ಒತ್ತಲಿ. ನೀವು ಬಾಜೂ ಕೂತು ದಾರಿ ತೋರಿಸ್ರಿ, ಅಷ್ಟೇ."

ಅಷ್ಟೇ ಎಂದರು. ಎಲ್ಲಕ್ಕಿಂತ ಕಷ್ಟ ನನಗೆ ಅದೇ ಆಗಿತ್ತು. ಇಷ್ಟು ವರ್ಷ ಅರ್ಜಿ ನಾನೇ ಬರೆದೆ, ಮೆಸೇಜು ನಾನೇ ಓದಿದೆ, ಪುಸ್ತಕ ನಾನೇ ಆರಿಸಿ ಕೊಟ್ಟೆ. ಈಗ ಗಾರೆ ಕೆಲಸದ ಬೆರಳು, ಕಳೆ ಕಿತ್ತ ಬೆರಳು ಅಕ್ಷರಕ್ಕಾಗಿ ತಡಕಾಡುವಾಗ ಕೈ ಕಟ್ಟಿ ಕೂಡಬೇಕಿತ್ತು. ಒಬ್ಬರು ಒತ್ತುವಷ್ಟರಲ್ಲಿ ಅಂಕಿಯ ಸಮಯ ಮುಗಿದುಹೋಗುತ್ತಿತ್ತು. ಮತ್ತೆ ಮೊದಲಿಂದ. ನನ್ನ ಕೈ ತಾನಾಗಿಯೇ ಕೀಲಿಮಣೆಯ ಕಡೆ ಹೋಗುತ್ತಿತ್ತು. ಆಮೇಲಾಮೇಲೆ ಎರಡೂ ಕೈ ತೊಡೆಯ ಕೆಳಗೆ ಹಾಕಿಕೊಂಡು ಕೂಡುವುದನ್ನು ಕಲಿತೆ.

ನಮ್ಮ ಮನೆಯಲ್ಲೂ ಇದ್ದದ್ದು ಒಂದೇ ನಂಬರು. ನನ್ನ ಹೆಸರಿರಬೇಕು, ಇಲ್ಲವೇ ಅವಳದು.

"ನಂದು ತಗೀರಿ. ನಾ ಏನ್ ದೊಡ್ಡ ಓದಾಕಿ" ಎಂದಳು ಹೆಂಡತಿ.

ವಾರಪತ್ರಿಕೆಯ ಧಾರಾವಾಹಿಗಾಗಿ ಗುರುವಾರವೆಲ್ಲ ಬಾಗಿಲು ನೋಡುವವಳು ಅವಳು. ನನ್ನ ಹೆಸರೇ ತೆಗೆದೆ.

ತಿಂಗಳು ಮುಗಿಯಿತು. ಬಹಳ ಹೆಸರು ಅಳಿಸಿಹೋದವು. ಅರ್ಧದಷ್ಟೂ ಉಳಿದಿರಲಿಲ್ಲ. ನಂಬರಿಲ್ಲದ ಹೆಣ್ಣುಮಕ್ಕಳೇ ಹೆಚ್ಚು ಹೋದರು, ಅದು ನನಗೆ ಈಗಲೂ ಚುಚ್ಚುತ್ತದೆ. ಅವರು ಬಂದರೆ ಪುಸ್ತಕ ಕೊಡುತ್ತೇನೆ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಇಲ್ಲ.

ಮೇಡಂ ಬಂದ ದಿನ ಅಭಿವೃದ್ಧಿ ಅಧಿಕಾರಿಯೂ ಜೊತೆಗಿದ್ದರು. ಪಟ್ಟಿ ತೆರೆಯಿತು. ಕೆಂಪಿರಲಿಲ್ಲ. ಆದರೆ ಸಣ್ಣದಾಗಿತ್ತು, ಪುಟದ ಬಹುಪಾಲು ಬಿಳಿ.

"ಮೊದಲ ಎಷ್ಟು ಉದ್ದ ಇತ್ತು ಇದು" ಎಂದರು ಅಧಿಕಾರಿ. ಅವರ ದನಿಯಲ್ಲಿ ಚಾವಿ ಕಸಿಯುವ ತೀರ್ಮಾನ ಕೇಳಿಸಿತು.

"ಹೊಸಬರೊಬ್ಬರನ್ನ ಸೇರಿಸಿ ತೋರಿಸ್ರಿ, ನೋಡೂಣು" ಎಂದರು ಮೇಡಂ.

ಬಟ್ಟೆ ಹೊಲಿಯುವವಳನ್ನು ಕರೆದೆ. ಮದುವೆಯ ಹೊಲಿಗೆಗಳ ಗದ್ದಲದಲ್ಲಿ ಅವಳ ಹೆಸರೂ ಅಳಿಸಿಹೋಗಿತ್ತು, ಹೊಸದಾಗಿ ಸೇರಿಸುವುದು ಉಳಿದಿತ್ತು. ರವಿಕೆಯ ಹೊಸ ನಮೂನೆಗಳು ಕಂಪ್ಯೂಟರಿನಲ್ಲಿ ಸಿಗುತ್ತವೆಂದು ಅವಳಿಗೂ ಆಸೆ ಇತ್ತು. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ಅವಳು ಕುರ್ಚಿಯಲ್ಲಿ ಕೂತಳು, ನಾನು ಬಗಲಿನ ಸ್ಟೂಲಿನಲ್ಲಿ. ಹೆಸರಿನ ಮೊದಲ ಅಕ್ಷರ ಒತ್ತಿದಳೋ ಇಲ್ಲವೋ, ಕರೆಂಟು ಹೋಯಿತು. ಕಂಪ್ಯೂಟರಿಗೆ ಹಚ್ಚಿದ ಬ್ಯಾಟರಿ ಕುಂಯ್ ಎನ್ನತೊಡಗಿತು. ಹಳೆಯದಾದ ಅದು ಎಷ್ಟು ಹೊತ್ತು ತಾಳುತ್ತದೆಂದು ನನಗೆ ಗೊತ್ತಿತ್ತು.

"ನೀವೇ ಒತ್ತಿಬಿಡ್ರಲ್ಲ, ಲಗೂನ ಆಗ್ತದ" ಎಂದರು ಅಧಿಕಾರಿ.

ನಾನು ಕೈ ತೊಡೆಯ ಕೆಳಗೇ ಇಟ್ಟುಕೊಂಡೆ. "ಅವರೇ ಒತ್ತಬೇಕ್ರಿ ಸಾಹೇಬ್ರ" ಎಂದೆ.

ಅವಳು ಅವಸರ ಮಾಡಲಿಲ್ಲ. ಸೂಜಿಗೆ ದಾರ ಪೋಣಿಸುವ ಹಾಗೆ ಕಣ್ಣು ಸಣ್ಣ ಮಾಡಿ ಒಂದೊಂದೇ ಒತ್ತಿದಳು. ಒಂದು ಅಂಕಿ ತಪ್ಪಿತು. "ತಪ್ಪಿತು ಅಣ್ಣಾ, ಹೆಂಗ ಅಳಿಸೂದು?" ಎಂದಳು. ನಾನು ಬಾಯಿಂದಲೇ ಹೇಳಿದೆ. ಅಳಿಸಿದಳು. ಫೋನಿಗೆ ಓಟಿಪಿ ಬಂತು. ಮೇಡಂ ಕುತ್ತಿಗೆ ಚಾಚಿದರೆ ಫೋನನ್ನು ಎದೆಗೆ ಅವಚಿಕೊಂಡಳು. ಒತ್ತುತ್ತಿರುವಾಗಲೇ ಪರದೆ ಕಪ್ಪಾಯಿತು.

ನಾನು ಅಧಿಕಾರಿಯ ಕಡೆ ನೋಡಲಿಲ್ಲ.

"ಚಾವಿ ಇವರ ಹತ್ರಾನೇ ಇರ್ಲಿ ಸರ್, ಸದ್ಯಕ್ಕ" ಎಂದರು ಮೇಡಂ. "ಆದ್ರ ಇಷ್ಟು ಸದಸ್ಯರು ಸಾಲಂಗಿಲ್ಲ. ನಾ ಮತ್ತ ಬರ್ತೀನಿ. ಆವಾಗ ಹೊಸ ತಂತ್ರಾಂಶ ಬಂದಿರ್ತದ, ಅದನ್ನೂ ಕಲೀಬೇಕು."

ಅಧಿಕಾರಿ ಹೂಂ ಎಂದು ಎದ್ದರು. ಜೀಪು ಹೊರಟಿತು. ಸದ್ಯಕ್ಕ ಎಂಬ ಮಾತಿನ ಜೊತೆಗೇ ಚಾವಿಯನ್ನು ಕಿಸೆಗೆ ಹಾಕಿಕೊಂಡೆ.

"ಕರೆಂಟ್ ಬಂದ ಮ್ಯಾಲ ಎಲ್ಲಾ ಮತ್ತ ಒತ್ತಬೇಕೇನು ಅಣ್ಣಾ?" ಎಂದು ಕೇಳಿದಳು ಅವಳು.

"ಹೌದು ತಂಗಿ. ಮೊದಲಿಂದ."

ಅವಳು ಏಳಲಿಲ್ಲ. ಅಳತೆ ಪಟ್ಟಿಯನ್ನು ಕೊರಳಿಂದ ತೆಗೆದು ಸುರುಳಿ ಸುತ್ತಿ, ಕಪ್ಪು ಪರದೆಯ ಮುಂದೆ ಇಟ್ಟುಕೊಂಡು ಕೂತಳು.