ನೀರು ಇಳಿಯುವ ಆರು ನಿಮಿಷ

ಬೆಳಗಿನ ಏಳು ಗಂಟೆಗೆ ಶಾಲೆಯಲ್ಲಿ ತೆರೆದಿರುವುದು ಒಂದೇ ಬಾಗಿಲು, ಪಾಠದ ಚಿತ್ರ ತೋರಿಸುವ ಕೋಣೆಯದು. ಒಳಗೆ ಆಕೆ ಬೆಂಚು ಹತ್ತಿ, ಚಾವಣಿಗೆ ತೂಗುಹಾಕಿದ ಪ್ರೊಜೆಕ್ಟರಿನ ಜಾಲರಿಯನ್ನು ಹಳೆಯ ಬ್ರಶ್ಶಿನಿಂದ ಉಜ್ಜುತ್ತಿದ್ದಾರೆ. ಬೆಂಚು ಅಲುಗಾಡುತ್ತದೆ, ಆಕೆಯ ಬಗ್ಗೆ ಬರೆಯಲು ಬಂದಿರುವ ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ.

"ಬಿಡಿ ಮೇಡಂ, ಅದಕ್ಕೆ ನನ್ನ ಭಾರ ಗೊತ್ತು."

ಪ್ರೊಜೆಕ್ಟರಿನ ದೀಪ ಸುಟ್ಟುಹೋಗಿ ಒಂಬತ್ತು ದಿನವಾಗಿದೆ. ಆದರೂ ಧೂಳು ಒರೆಸುವುದನ್ನು ಆಕೆ ಬಿಟ್ಟಿಲ್ಲ.

ಮಕ್ಕಳಿಗೆ ಈಕೆ 'ಪರದೆ ಆಂಟಿ'. ಗಂಡ ತೀರಿಕೊಂಡ ವರ್ಷ ಕಸ ಗುಡಿಸಲು ಸೇರಿದವರು. ಓದಿದ್ದು ನಾಲ್ಕನೇ ತರಗತಿ. ಯಂತ್ರ ಕೂರಿಸಲು ಬಂದವನು ಒಂದೇ ಸಲ ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಂಡು, ಹನ್ನೆರಡು ವರ್ಷ ಅದನ್ನು ನಡೆಸಿದವರು ಈಕೆಯೇ. ದಿನಕ್ಕೆ ಐದು ತರಗತಿಗಳು ಬರುತ್ತಿದ್ದವು, ಹೆಚ್ಚಿನವು ಸಮಾಜ ವಿಜ್ಞಾನದವು. ಎಷ್ಟೋ ಶಿಕ್ಷಕರು ಚಿತ್ರ ಹಾಕಿಸಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದರು. ಬಾಗಿಲ ಬಳಿ ನಿಂತು ಪಾಠ ಪೂರ್ತಿ ನೋಡುತ್ತಿದ್ದವರು ಈಕೆ.

ದೀಪ ಆರಿದ ಮೇಲೂ ಒಳಗಿನ ಫ್ಯಾನು ಎರಡು ನಿಮಿಷ ತಿರುಗಬೇಕು, ಇಲ್ಲದಿದ್ದರೆ ಕಾವಿಗೆ ದೀಪ ಹಾಳಾಗುತ್ತದೆ. ಆದರೆ ಗಂಟೆ ಹೊಡೆದೊಡನೆ ಮೇಷ್ಟ್ರು ಗೋಡೆಯ ಸ್ವಿಚ್ಚನ್ನೇ ಟಪ್ಪೆಂದು ಒತ್ತಿ ಹೊರಟುಬಿಡುತ್ತಿದ್ದರು.

"ಎರಡು ನಿಮಿಷ ತಡೀರಿ ಸಾರ್ ಅಂದ್ರೆ, 'ಏನಮ್ಮಾ, ಯಂತ್ರಕ್ಕೆ ಜ್ವರಾನಾ?' ಅಂತ ನಕ್ರು. 'ಹೌದು ಸಾರ್, ಬೆವರು ಆರಿಸ್ಕೊಳ್ಳೋಕೂ ನೀವು ಬಿಡಲ್ವಲ್ಲ' ಅಂದೆ. ಅದಕ್ಕೂ ನಕ್ರು."

ಈ ಮಾದರಿಯ ದೀಪ ಈಗ ತಯಾರಾಗುತ್ತಿಲ್ಲ. ಇದ್ದದ್ದು ಇದೊಂದೇ. ಎಂಟನೇ ತರಗತಿಯ ಪ್ರವಾಹದ ಪಾಠ ಮೂರು ವಿಭಾಗಗಳಿಗೆ ಮುಗಿಯಿತು. ನಾಲ್ಕನೆಯದರಲ್ಲಿ, ಪರದೆಯ ಮೇಲೆ ನೀರು ಮನೆಗಳ ಕಿಟಕಿ ಮುಟ್ಟಿದ ಹೊತ್ತಿಗೆ ದೀಪ 'ಟಪ್' ಎಂದಿತು. ಕತ್ತಲು. ಮೇಷ್ಟ್ರು ಧ್ವನಿಯನ್ನೂ ನಿಲ್ಲಿಸಿದರು: "ಉಳಿದದ್ದು ಪುಸ್ತಕದಲ್ಲಿದೆ, ಓದ್ಕೊಳ್ಳಿ."

ಪುಸ್ತಕ ತೆರೆದು ನೋಡಿದೆ. ಕಾರಣಗಳು ಐದು, ಪರಿಣಾಮಗಳು ಏಳು. ಜನ ಮರಳಿ ಬಂದದ್ದು ಎಲ್ಲಿಯೂ ಇಲ್ಲ.

ಬರುವ ತಿಂಗಳು ಈ ಕೋಣೆಗೆ ಮುರಿದ ಮೇಜುಗಳನ್ನು ತುಂಬುತ್ತಾರಂತೆ. ಆಕೆ ಮತ್ತೆ ಪೊರಕೆ ಹಿಡಿಯಬೇಕು. ಅದಕ್ಕೆ ಚಿಂತೆಯಿಲ್ಲ ಎನ್ನುತ್ತಾರೆ. ಕೊರಗು ಬೇರೆಯೇ.

"ಕೊನೇ ಆರು ನಿಮಿಷ ಉಳಿದೋಯ್ತು. ನೀರು ಇಳಿಯುತ್ತೆ, ಒಬ್ಬ ಹೆಂಗಸು ಬಾಗಿಲ ಕೆಸರು ತೊಳೀತಾಳೆ. ಆ ಮಕ್ಕಳು ನೋಡಿದ್ದು ನೀರು ಏರೋದನ್ನ ಮಾತ್ರ. ಸಾಲಲ್ಲಿ ಹೋಗ್ತಿದ್ದವರನ್ನ ತಡೆದು, 'ನೀರು ಇಳೀತು ಕಣ್ರೋ, ಎಲ್ರೂ ಮನೆಗೆ ಬಂದ್ರು' ಅಂದೆ. ಒಬ್ಳು ನಿಂತ್ಲು. 'ನೀವು ನೋಡಿದ್ರಾ ಆಂಟಿ?' ಅಂದ್ಲು. 'ಮೂರು ಸಲ ನೋಡಿದೀನಮ್ಮಾ' ಅಂದೆ. ನಂಬಿದ್ಲೋ ಇಲ್ವೋ."