ಬೆಚ್ಚಗಿನ ಸೀಮೆಸುಣ್ಣ

ಬೇರೆಯವರ ಅಂಗೈಯ ಬಿಸಿ ಹಿಡಿದ ಸೀಮೆಸುಣ್ಣವೊಂದು ಮೊನ್ನೆ ನನ್ನ ಕೈಗೆ ಬಂತು. ಮಂಡ್ಯದಲ್ಲಿ ಮುಖ್ಯೋಪಾಧ್ಯಾಯರ ತರಬೇತಿ. ಬಸ್ಸು ತಪ್ಪೀತೆಂದು ಹೆದರಿ ಹೆದರಿ, ಕೊನೆಗೆ ಅದು ತಪ್ಪಿಯೇ ತಡವಾಗಿ ಹೋಗಿದ್ದೆ. ತರಬೇತಿ ಕೊಡುವವರು ಹಲಗೆಯ ಮೇಲೆ ಮೂರು ಅಂಕಣ ಎಳೆದಿದ್ದರು: ಆಜ್ಞೆ ಮಾಡುವ ನಾಯಕ, ಎಲ್ಲರನ್ನೂ ಕೇಳಿ ನಡೆಯುವ ನಾಯಕ, ಅವರವರ ಪಾಡಿಗೆ ಬಿಟ್ಟುಬಿಡುವ ನಾಯಕ. ನಿಮ್ಮ ಮೊದಲ ಹೆಡ್‌ಮಾಸ್ಟರು ಯಾವ ಬಗೆ, ಬರೆಯಿರಿ ಎಂದು ಬಾಗಿಲಲ್ಲೇ ಸೀಮೆಸುಣ್ಣ ಕೊಟ್ಟರು.

ಅವರೂ ಹೀಗೆಯೇ ಕೊಡುತ್ತಿದ್ದರು...

ಎಪ್ಪತ್ತರ ದಶಕದ ಮಳವಳ್ಳಿ; ನಾನು ಆಗಷ್ಟೇ ಕೆಲಸಕ್ಕೆ ಸೇರಿದ ಮೇಷ್ಟ್ರು. ಯಾರು ತಡವಾದರೂ ಅವರ ತರಗತಿಗೆ ಹೆಡ್‌ಮಾಸ್ಟರೇ ಹೋಗಿ ಪಾಠ ಶುರು ಮಾಡುತ್ತಿದ್ದರು. ನಾವು ಓಡಿ ಬಂದರೆ ಸೀಮೆಸುಣ್ಣ ಕೈಗಿಟ್ಟು ಹೊರಟುಹೋಗುತ್ತಿದ್ದರು. ಒಂದು ಮಾತಿಲ್ಲ. ಮೊದಮೊದಲು ಬೆವರುತ್ತಿದ್ದೆವು. ಆಮೇಲೆ ಓಡುವುದನ್ನು ಬಿಟ್ಟೆವು. ದಿನಾ ಮದ್ದೂರಿನಿಂದ ಬರುತ್ತಿದ್ದ ನಾನಂತೂ ಅಲ್ಲಿ ಮೊದಲ ಬಸ್ಸು ಕಣ್ಣೆದುರೇ ಹೊರಟರೂ ಹೋಟೆಲಿನಲ್ಲಿ ಇನ್ನೊಂದು ದೋಸೆ ಹೇಳುತ್ತಿದ್ದೆ. ಜೊತೆಗಿರುತ್ತಿದ್ದ ಡ್ರಿಲ್ ಮೇಷ್ಟ್ರು, "ನಿಧಾನ್ವಾಗಿ ತಿನ್ನಿ ಸಾರ್, ನಿಮ್ ಪಾಠ ಆಗ್ಲೇ ನಡೀತಾ ಅದೆ" ಎನ್ನುತ್ತಿದ್ದರು. ಎಲ್ಲಕ್ಕೂ ಹೆದರುವ ನಾನು ಅದೊಂದಕ್ಕೆ ಮಾತ್ರ ಹೆದರಲಿಲ್ಲ.

ಹೆಡ್‌ಮಾಸ್ಟರ ತಾಯಿ ಹಾಸಿಗೆ ಹಿಡಿದಿದ್ದರು. ಮನೆ ಶಾಲೆಯ ಹಿಂದೆಯೇ. ಮಧ್ಯಾಹ್ನ ಹೋಗಿ ಗಂಜಿ ಕುಡಿಸಿ ಬರುತ್ತಿದ್ದರು. ಇನ್ನೆಲ್ಲಿಗೂ ವರ್ಗ ಮಾಡಬೇಡಿ ಎಂದು ಮೇಲಿನವರನ್ನು ಬೇಡಿಕೊಂಡಿದ್ದುದು ನಮಗೆಲ್ಲ ಗೊತ್ತಿತ್ತು.

ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರು ಹೇಳದೆ ಕೇಳದೆ ಬಂದರು. ಆಫೀಸಿನಲ್ಲಿ ಖಾಲಿ ಕುರ್ಚಿ, ಹೆಡ್‌ಮಾಸ್ಟರು ನನ್ನ ತರಗತಿಯಲ್ಲಿ, ನಾನಿನ್ನೂ ಬಸ್ಸಿನಲ್ಲಿ. ಕೈಕೆಳಗಿನವರನ್ನು ಹಿಡಿತದಲ್ಲಿಡಲು ಬಾರದವರು ಎಂಬ ಷರಾ ಬಿತ್ತು. ಸ್ವಲ್ಪ ದಿನಕ್ಕೇ ದೂರದ ದುದ್ದಕ್ಕೆ ವರ್ಗ.

ಅವರು ಹೊರಡುವ ದಿನ, ಒಂದು ಸಲ ಬಯ್ದಿದ್ದರೆ ಸಾಕಿತ್ತಲ್ಲ ಸಾರ್ ಎಂದೆ. ತಪ್ಪನ್ನು ಅವರ ತಲೆಗೇ ಕಟ್ಟಿದೆನೆಂದು ಹೊಳೆದದ್ದು ಮನೆಗೆ ಬಂದ ಮೇಲೆ.

"ನೀವೇ ನಾಚ್ಕೋತೀರಿ ಅಂತ ಕಾಯ್ತಿದ್ದೆ ಕಣಪ್ಪ," ಎಂದರು. "ಅಷ್ಟ್ರಲ್ಲಿ ಆರ್ಡ್ರು ಬಂದ್ಬುಡ್ತು."

ಮನೆ ಸಾಮಾನಿನ ಲಾರಿಯಲ್ಲೇ ಹಾಸಿಗೆ ಹಾಸಿ ತಾಯಿಯನ್ನು ಮಲಗಿಸಿಕೊಂಡು ಹೋದರು. ಒಂದು ಸಲ ದುದ್ದಕ್ಕೆ ಹೋಗಿ ಕಾಣಬೇಕು, ಕಾಣಬೇಕು ಎನ್ನುತ್ತಲೇ ವರ್ಷಗಳಾದವು... ತಾಯಿ ಅಲ್ಲಿಯೇ ಹೋದರಂತೆ. ಆಮೇಲೆ ಹೆಡ್‌ಮಾಸ್ಟರು ತೀರಿಕೊಂಡ ಸುದ್ದಿಯೂ ನನಗೆ ತಡವಾಗಿಯೇ ಮುಟ್ಟಿತು.

ಮೊನ್ನೆ ಮೂರು ಅಂಕಣಗಳಲ್ಲಿ ಎಲ್ಲಿಯೂ ಅವರಿಗೆ ಜಾಗ ಕಾಣದೆ, ಸೀಮೆಸುಣ್ಣ ವಾಪಸು ಕೊಟ್ಟು ಕುಳಿತೆ. ಸದ್ಯ, ನೀವು ಯಾವ ಬಗೆ ಎಂದು ಯಾರೂ ಕೇಳಲಿಲ್ಲ. ನಮ್ಮ ಶಾಲೆಯಲ್ಲಿ ತಡವಾಗಿ ಬಂದವರನ್ನು ನಾನು ಆಫೀಸಿಗೆ ಕರೆಸಿ ಚೆನ್ನಾಗಿ ಬಯ್ಯುತ್ತೇನೆ. ಬಯ್ದು ಮುಗಿಯುವವರೆಗೂ ಅವರ ತರಗತಿಯ ಹಲಗೆಯ ಮುಂದೆ ಯಾರೂ ಇರುವುದಿಲ್ಲ.