ಡ್ರಿಲ್ ಮಾಸ್ತರರ ನಾಲ್ಕು ಸುತ್ತು

ಹೋದ ವಾರ ನನ್ನ ಮೊಣಕಾಲಿಗೆ ಹಚ್ಚಲೆಂದು ಹೆಂಡತಿ ಔಡಲೆಣ್ಣೆ ಕಾಯಿಸುತ್ತಿದ್ದಳು. ಬಟ್ಟಲು ವಾಲಿ ಒಂದಿಷ್ಟು ಎಣ್ಣೆ ಗ್ಯಾಸಿನ ಉರಿಗೆ ಬಿತ್ತು. ಮನೆ ತುಂಬ ಹೊಗೆ. ಅವಳು ಮೂಗಿಗೆ ಸೆರಗು ಹಿಡಿದು ಕಿಟಕಿ ತೆಗೆಯಲು ಓಡಿದಳು. ನಾನು ಮಾತ್ರ ಕುರ್ಚಿ ಬಿಟ್ಟು ಏಳದೆ ಆ ಹೊಗೆಯನ್ನೇ ಎಳೆದುಕೊಳ್ಳುತ್ತ ಕೂತೆ. ಸುಟ್ಟ ಔಡಲೆಣ್ಣೆಯ ವಾಸನೆಯ ಕೊನೆಗೆ ಒಂದು ಸಣ್ಣ ಸಿಹಿ ಇರುತ್ತದೆ... ರೇಸಿನ ಎಂಜಿನ್ ಓಡಿಸಿದವರಿಗೆ ಅದು ಗೊತ್ತು. ನಮ್ಮ ಕಡೆ ಅದು ಗೊತ್ತಿದ್ದವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಮಾನ್ವಿಯ ಡ್ರಿಲ್ ಮಾಸ್ತರು. ಇಷ್ಟು ವರ್ಷವಾದರೂ ಅವರ ನೆನಪಾದರೆ ನನಗೆ ಮೊದಲು ಹೊಟ್ಟೆ ಉರಿಯುತ್ತದೆ, ಆಮೇಲೆ ಉಳಿದದ್ದು. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನಲ್ಲಿ ನಮ್ಮದು ಅಕ್ಕಿ ಗಿರಣಿ. ಅಣ್ಣ ಗಿರಣಿ ನೋಡಿಕೊಳ್ಳುತ್ತಿದ್ದ. ನಾನು ಪಕ್ಕದ ಶೆಡ್ಡಿನಲ್ಲಿ ಮೋಟಾರ್‌ಸೈಕಲ್ ಬಿಚ್ಚುತ್ತ, ಕಟ್ಟುತ್ತ ಕೂತಿರುತ್ತಿದ್ದೆ. ಹೈದರಾಬಾದಿನ ಹಳೆಯ ಜಹಗೀರದಾರರೊಬ್ಬರ ಮೋಟಾರ್‌ಖಾನೆಯಲ್ಲಿ ಧೂಳು ತಿನ್ನುತ್ತಿದ್ದ ಇಂಗ್ಲೆಂಡಿನ ಎಂಜಿನ್ ಒಂದನ್ನು, ನಮ್ಮ ಪಂಪ್‌ಸೆಟ್ಟು ಕೊಟ್ಟು ಬದಲಿಗೆ ತಂದೆ. ಐನೂರು ಸಿಸಿ, ಒಂದೇ ಸಿಲಿಂಡರ್. ಸ್ಪೀಡ್‌ವೇ ಎನ್ನುವ ರೇಸಿಗೆಂದೇ ಹುಟ್ಟಿದ ಎಂಜಿನ್ ಅದು. ಮೊಟ್ಟೆಯಾಕಾರದ ಮಣ್ಣಿನ ಹಾದಿಯಲ್ಲಿ ನಾಲ್ಕೇ ಸುತ್ತು, ಎಲ್ಲ ತಿರುವೂ ಎಡಕ್ಕೇ. ಗೇರ್ ಒಂದೇ, ಬ್ರೇಕ್ ಇಲ್ಲವೇ ಇಲ್ಲ. ಪೆಟ್ರೋಲಿನ ಬದಲು ಸ್ಪಿರಿಟ್ ಕುಡಿಯುತ್ತದೆ. ಒಳಗೆ ಹೋದ ಔಡಲೆಣ್ಣೆ ಟ್ಯಾಂಕಿಗೆ ಮರಳುವುದಿಲ್ಲ, ಅಷ್ಟನ್ನೂ ಹೊರಗೇ ಉಗುಳುತ್ತದೆ. ಹಳೆಯ ಬುಲೆಟ್ಟಿನ ಚೌಕಟ್ಟು ಕೊಯ್ದು ಅದರಲ್ಲಿ ಈ ಎಂಜಿನ್ ಕೂರಿಸಿದಾಗ ನನಗೆ ಊರೇ ನನ್ನದೆನ್ನುವ ಸೊಕ್ಕು ಬಂದಿತ್ತು.

ಆ ಸೊಕ್ಕು ಮೂರು ವಾರವೂ ಉಳಿಯಲಿಲ್ಲ. ಒಂದು ಭಾನುವಾರ ಎಂಜಿನ್ನಿನ ಸುದ್ದಿ ಕೇಳಿ, ಮಾನ್ವಿ ಬಸ್ಸಿಳಿದು ಮಾಸ್ತರು ಬಂದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಬೂಟು. ಅವರ ತಂದೆ ನಮ್ಮ ಗಿರಣಿಯಲ್ಲೇ ಚೀಲ ಹೊತ್ತ ಹಮಾಲ. ಆ ಮನೆಯಲ್ಲಿ ಮೊದಲು ಸರಕಾರಿ ನೌಕರಿ ಹಿಡಿದವರು ಇವರು. ಟ್ರೇನಿಂಗಿಗೆ ಹೋದಾಗ ಫುಟ್‌ಪಾತಿನಲ್ಲಿ ಕೊಂಡ ಇಂಗ್ಲಿಷ್ ಮೋಟಾರ್ ಪತ್ರಿಕೆಗಳ ಕಟ್ಟು ಅವರ ಬಗಲಲ್ಲಿತ್ತು. ಎಂಜಿನ್ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೈ ಮಾತ್ರ ತಾಗಿಸದೆ ಹೇಳಿದರು: "ಸಾವ್ಕಾರ್ರ, ಇದರ ಅಣ್ಣತಮ್ಮಂದ್ರು ಮೂವತ್ತು ವರ್ಷ ಯಾರನ್ನೂ ಮುಂದ ಬಿಟ್ಟಿದ್ದಿಲ್ರಿ. ಆಮ್ಯಾಲ ಝೆಕ್ ದೇಶದ ಎಂಜಿನ್ ಬಂದು ಇದನ್ನ ಮೂಲಿಗೆ ಕೂಡಿಸಿದ್ವು."

ಆಸ್ಟ್ರೇಲಿಯಾದ ಸವಾರರು ಇಂಗ್ಲೆಂಡಿಗೆ ಹಡಗಿನಲ್ಲಿ ಬಂದು ಬೂದಿ ಹಾಸಿದ ಹಾದಿಯಲ್ಲಿ ಗಾಡಿ ಅಡ್ಡಡ್ಡ ಜಾರಿಸಿ ಜನರ ಬಾಯಿ ತೆರೆಸಿದ್ದು, ಎಡಗಾಲಿನ ಬೂಟಿಗೆ ಕಬ್ಬಿಣದ ಅಟ್ಟೆ ಕಟ್ಟಿಕೊಳ್ಳುತ್ತಿದ್ದುದು, ಎಲ್ಲವನ್ನೂ ಹೇಳಿದರು. ಎಂಜಿನ್ ನನ್ನದು, ಅದರ ಚರಿತ್ರೆ ಹಮಾಲನ ಮಗನ ಬಾಯಲ್ಲಿ! ಹೌದು, ಆಗ ನಾನು ಹಾಗೆಯೇ ಅಂದುಕೊಂಡೆ. ಆ ಮಾತನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಆದರೂ ಅವರನ್ನು ಬಿಡಲಾಗಲಿಲ್ಲ. ಕಾರ್ಬೊರೇಟರಿನ ಲೆಕ್ಕ ಅವರಿಗೇ ತಿಳಿಯುತ್ತಿತ್ತು. ಪ್ರತಿ ಭಾನುವಾರ ಬಂದು ಸಂಜೆಯವರೆಗೂ ದುಡಿಯುತ್ತಿದ್ದರು. ಎತ್ತಿನ ಗಾಡಿಯ ಗಾಲಿಗೆ ಹಾಕುವ ಪಟ್ಟಿಯನ್ನು ಕಮ್ಮಾರನಿಂದ ಬಾಗಿಸಿ ಎರಡು ಜೊತೆ ಅಟ್ಟೆ ಮಾಡಿಸಿದರು, ನನಗೊಂದು, ತಮಗೊಂದು. ಜೊತೆ ಎಂದೆ ನೋಡಿ! ಎಡಗಾಲಿಗೆ ಮಾತ್ರ ಬೇಕಾದದ್ದು, ಎರಡೇ ಅಟ್ಟೆ.

ಹೈದರಾಬಾದಿನಲ್ಲಿ ವರ್ಷಕ್ಕೊಮ್ಮೆ ಕಚ್ಚಾ ಹಾದಿಯ ರೇಸು ನಡೆಯುತ್ತಿತ್ತು. ಒಂದು ಗಾಡಿಗೆ ಒಬ್ಬನೇ ಸವಾರ. ಯಾರು ಹೋಗಬೇಕು? ನೀರಮಾನ್ವಿ ಹತ್ತಿರದ ಮರಂ ಮಣ್ಣಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದೆವು. ಮಾತುಕತೆ ಸ್ಪಷ್ಟವಿತ್ತು: ಇಬ್ಬರೂ ನಾಲ್ಕು ನಾಲ್ಕು ಸುತ್ತು ಹೊಡೆಯುವುದು, ಬೇಗ ಮುಗಿಸಿದವರು ಹೈದರಾಬಾದಿಗೆ. ಅಪ್ಪ ಕೈಗಡಿಯಾರ ಹಿಡಿದು ಜೀಪಿನ ಬಾನೆಟ್ಟಿನ ಮೇಲೆ ಕೂತ.

ನಾನು ಚೆನ್ನಾಗಿಯೇ ಹೊಡೆದೆ. ಆಮೇಲೆ ಮಾಸ್ತರು ಹತ್ತಿದರು. ಮೊದಲ ತಿರುವಿನಲ್ಲಿ ಗಾಡಿಯ ಹಿಂಭಾಗ ಹೊರಕ್ಕೆ ಜಾರಿತು. ಅವರು ಹ್ಯಾಂಡಲ್ ಬಲಕ್ಕೆ ತಿರುಗಿಸಿ, ಎಡಗಾಲನ್ನು ನೆಲಕ್ಕೆ ತಾಗಿಸಿ, ಎಕ್ಸಿಲೇಟರನ್ನು ಇನ್ನೂ ಹಿಂಡಿದರು. ಕಬ್ಬಿಣದಿಂದ ಕಿಡಿ ಹಾರಿತು. ನಾಲ್ಕು ಸುತ್ತಿನಲ್ಲಿ ಒಂದು ಸಲವೂ ಆ ಎಂಜಿನ್ನಿನ ದನಿ ತಗ್ಗಲಿಲ್ಲ.

ಅಪ್ಪ ಗಡಿಯಾರ ನೋಡಲೇ ಇಲ್ಲ. "ಲೇ, ನೀ ಗಾಡಿ ಹೊಡದಿ. ಆಂವಾ ಕುಣಿಸಿದ ನೋಡಲೇ!" ಎಂದ. ನನ್ನ ಕೆಲಸದ ಬಗ್ಗೆ ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಲು ಹತ್ತು ವರ್ಷ ಕಾದಿದ್ದೆ. ಅದು ಬಂದದ್ದು ಅವರ ಪಾಲಿಗೆ. ಮಾಸ್ತರು ಗಾಡಿ ಇಳಿದು ನನ್ನ ಕೈ ಹಿಡಿದುಕೊಂಡು, "ನಿಮ್ಮ ಕೈಗುಣರಿ ಸಾವ್ಕಾರ್ರ" ಎಂದರು. ಕೈ ಬಿಡಿಸಿಕೊಳ್ಳಬೇಕೆನಿಸಿತು. ನಕ್ಕೆ.

ರೇಸಿಗೆ ಹತ್ತು ದಿನ ಇದ್ದಾಗ ಮಾನ್ವಿಗೆ ಒಂದು ಕಾರ್ಡು ಬರೆದೆ. "ರೇಸು ಮುಂದಿನ ತಿಂಗಳಿಗೆ ಹೋಗಿದೆ. ತಾರೀಖು ಆಮೇಲೆ ತಿಳಿಸುತ್ತೇನೆ. ಎರಡು ಭಾನುವಾರ ನಾನು ಊರಲ್ಲಿರುವುದಿಲ್ಲ." ಅಷ್ಟೇ. ಮನೆಯಲ್ಲಿ ಮಾಸ್ತರರಿಗೆ ರಜೆ ಸಿಗಲಿಲ್ಲವೆಂದು ಹೇಳಿದೆ. ಗಾಡಿಯನ್ನು ಗಿರಣಿಯ ಲಾರಿಗೆ ಹಾಕಿಕೊಂಡು ಹೈದರಾಬಾದಿಗೆ ಹೋದೆ.

ಎರಡನೆಯ ಸುತ್ತಿನವರೆಗೂ ಮೂರನೆಯವನಾಗಿದ್ದೆ. ಆಮೇಲೆ ತಿರುವಿನಲ್ಲಿ ಗಾಡಿ ನನ್ನ ಅಂದಾಜಿಗಿಂತ ಹೆಚ್ಚು ಜಾರಿತು, ಜೀವ ಬಾಯಿಗೆ ಬಂತು, ಕೈ ತಾನಾಗಿ ಎಕ್ಸಿಲೇಟರ್ ಬಿಟ್ಟಿತು. ಬ್ರೇಕಿಲ್ಲದ ಆ ಗಾಡಿಯಲ್ಲಿ ಮಾಡಬಾರದ ತಪ್ಪು ಅದೊಂದೇ. ಜಾರುತ್ತಿದ್ದ ಚಕ್ರ ತಟ್ಟನೆ ಮಣ್ಣು ಕಚ್ಚಿ ನನ್ನನ್ನು ಎತ್ತಿ ಒಗೆಯಿತು. ಮೊಣಕಾಲು ಅಂದೇ ಹೋಯಿತು. ಊರಿಗೆ ಬಂದು ಎಲ್ಲರಿಗೂ ಚೈನು ಕಡಿಯಿತೆಂದು ಹೇಳಿದೆ.

ಮುಂದಿನ ಭಾನುವಾರ ಮಾಸ್ತರು ಬಂದರು. ನನ್ನ ಕಾಲಿನ ಪಟ್ಟಿ ನೋಡಿದರು. ರೇಸು ಇದ್ದಕ್ಕಿದ್ದಂತೆ ಮೊದಲಿನ ತಾರೀಖಿಗೇ ಆಯಿತು, ತಿಳಿಸಲು ಆಗಲಿಲ್ಲ ಎಂದು ತೊದಲಿದೆ.

"ಇರ್ಲಿ ಬಿಡ್ರಿ. ಎಂಜಿನ್ ಆರಾಮ ಅದ ಏನ್ರಿ?" ಎಂದು ಕೇಳಿ, ಅಂಗಿಯ ತೋಳು ಮಡಚಿ, ಅದನ್ನು ಬಿಚ್ಚಿ ತೊಳೆಯಲು ಕೂತರು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವರು ಹಾಗೆ ಸುಮ್ಮನೆ ಎಂಜಿನ್ ತೊಳೆಯುವುದನ್ನು ನೋಡಲು ನನ್ನಿಂದಾಗಲಿಲ್ಲ. ಮರುವರ್ಷದ ರೇಸಿಗೆ ಮೊದಲೇ ಆ ಗಾಡಿಯನ್ನು ಹೈದರಾಬಾದಿನ ಗುಜರಿಯವನಿಗೆ ಕೊಟ್ಟುಬಿಟ್ಟೆ. ನನಗೆ ದಕ್ಕದ್ದು ಅವರಿಗೂ ದಕ್ಕಬಾರದು, ಅದೇ ಕಾರಣ. ಖಾಲಿ ಶೆಡ್ಡು ನೋಡಿ ಮಾಸ್ತರು ಬಾಗಿಲಲ್ಲೇ ನಿಂತರು... ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಸ್ವಲ್ಪ ದಿನಕ್ಕೆ ಅವರಿಗೆ ದೇವದುರ್ಗಕ್ಕೆ ವರ್ಗವಾಯಿತು.

ಎಂಬತ್ತರ ದಶಕದ ನಡುವೆ ಒಂದು ಮದುವೆಗೆಂದು ದೇವದುರ್ಗಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕರು. "ಬರ್ರಿ ಸಾವ್ಕಾರ್ರ, ಚಾ ಕುಡಿದು ಹೋಗ್ರಿ" ಎಂದು ಬಿಡದೆ ಮನೆಗೆ ಕರೆದೊಯ್ದರು. ಅವರ ಹೆಂಡತಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಂದಿಟ್ಟು, "ನೀವು ಹೈದ್ರಾಬಾದ್ನ್ಯಾಗ ರೇಸ್ ಹೊಡದವ್ರಂತಲ್ರಿ?" ಎಂದು ಕೇಳಿದರು. ನಾನು ಉಬ್ಬಿ ಚೈನು ಕಡಿದ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ಆಕೆ ಒಳಗೆ ಹೋಗುವವರೆಗೆ ಮಾಸ್ತರು ಕಾದರು.

"ಚೈನ್ ಕಡಿದಿದ್ದಿಲ್ರಿ. ನೀವು ಅಂಜಿ ಎಕ್ಸಿಲೇಟರ್ ಬಿಟ್ರಿ."

ನಾನು ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಇಟ್ಟೆ. "ಯಾರು ಹೇಳಿದ್ರು ನಿಮಗ?"

"ನಾನೇ ನೋಡೀನ್ರಿ. ನಿಮ್ಮ ಕಾರ್ಡ್ ಬರೂದ್ರಾಗ ರಜಾ ಮಂಜೂರಾಗಿತ್ತು. ಮುಂದಿನ ತಿಂಗಳಿಗೆ ಅನುಕೂಲ ಆಗ್ತದ, ಅಲ್ಲಿ ಮಣ್ಣು ಹೆಂಗದ ನೋಡ್ಕೊಂಡು ಬರೂಣು ಅಂತ ಹೋಗಿದ್ದೆ. ಹೋಗಿ ನೋಡಿದ್ರ ಮಂದಿ ನೆರೆದಿತ್ತು. ನೀವು ಗೆರಿ ಮ್ಯಾಲ ನಿಂತಿದ್ರಿ."

ನಾನು ಬರೆದ ಸುಳ್ಳನ್ನು ನಂಬಿ, ಮಣ್ಣು ನೋಡಲು ಅಷ್ಟು ದೂರ ಬಂದಿದ್ದರು. "ಮತ್ತ ಆವತ್ತೇ ಯಾಕ ಅನ್ಲಿಲ್ರಿ ಮಾಸ್ತರ?" ಎಂದೆ.

ಅವರು ಚಹಾದ ಕಪ್ಪು ನನ್ನ ಕಡೆ ಸರಿಸಿದರು. "ಅಂದಿದ್ರ ಎಂಜಿನ್ ಮುಟ್ಟಾಕ ಬಿಡ್ತಿದ್ದಿಲ್ಲ ನೀವು."

ತಪ್ಪಾಯಿತು ಎನ್ನುವ ಒಂದು ಮಾತು ಬಾಯಲ್ಲೇ ಇತ್ತು, ಆದರೆ ಅಷ್ಟರಲ್ಲಿ ಅವರು ಮಕ್ಕಳ ಕಬಡ್ಡಿಯ ಮಾತು ತೆಗೆದರು. ನಾನು ಚಹಾ ಕುಡಿದು ಎದ್ದೆ.

ಮಾಸ್ತರು ತೀರಿಕೊಂಡು ಮೂರು ವರ್ಷವಾಯಿತು. ಸುದ್ದಿ ತಿಳಿದರೂ ಮಣ್ಣಿಗೆ ಹೋಗಲಿಲ್ಲ, ಕಾಲುನೋವಿನ ನೆಪ ಹೇಳಿದೆ. ಈಗ ಆ ಎಂಜಿನ್ನಿನ ದನಿ ಕಿವಿಯಲ್ಲಿರುವವನು ನಾನೊಬ್ಬನೇ. ಅದರ ಮಾತನ್ನಾಡಲು ಒಂದು ನರಪಿಳ್ಳೆಯೂ ಇಲ್ಲ. ಕೆಲವು ಸಲ ಯೋಚಿಸುತ್ತೇನೆ: ಇನ್ನೊಂದು ಅವಕಾಶ ಸಿಕ್ಕಿದ್ದರೆ ಆ ನಾಲ್ಕು ಸುತ್ತನ್ನು ಅವರಿಗೆ ಬಿಟ್ಟುಕೊಡುತ್ತಿದ್ದೆನೇ? ಕೊಡುತ್ತಿದ್ದೆ ಎಂದು ಬರೆಯಲು ಪೆನ್ನು ಎತ್ತಿದೆ. ಆದರೆ ಆ ಮನುಷ್ಯನಿಗೆ ಸುಳ್ಳು ಬರೆದದ್ದು ಒಂದು ಸಲಕ್ಕೇ ಸಾಕು.